ಫ್ಲಾರೆನ್ಸಿನಲ್ಲಿ ಹಳೇ ಫಿಯೆಟ್ ಟೂರ್ ಬುಕ್ ಮಾಡೋ ಮುಂಚೆ ಇದನ್ನು ಓದಿ

ಇಟಲಿಗೆ ಹೋಗುವವರು, ಅದರಲ್ಲೂ ಫ್ಲಾರೆನ್ಸಿನಲ್ಲಿ "ಹಳೇ ಫಿಯೆಟ್ 500 ನೀವೇ ಓಡಿಸಿ, ಗೈಡ್ ಮುಂದಿನ ಕಾರಿನಲ್ಲಿ ಇರುತ್ತಾರೆ" ಅನ್ನೋ ಟೂರ್ ನೋಡಿ ಆಸೆಪಟ್ಟಿರುವವರು ದಯವಿಟ್ಟು ಪೂರ್ತಿ ಓದಿ. ಕ್ಲಚ್ ಸುಟ್ಟಿದ್ದೀರಿ ಅಂತ ಹೇಳಿದ್ದಕ್ಕೆ ನಮಗೆ 450 ಯೂರೋ ಹೋಯಿತು. ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 40 ಸಾವಿರ ರೂಪಾಯಿ. ಟೂರಿನ ದುಡ್ಡು ಬೇರೆ. ದುಡ್ಡು ಹೋಗಿದ್ದಕ್ಕಿಂತ, ಅಷ್ಟು ಜನರ ಮುಂದೆ "ನಿಮಗೆ ಓಡಿಸೋಕೆ ಬರಲ್ಲ" ಅಂತ ಅನ್ನಿಸಿಕೊಂಡಿದ್ದು ಇನ್ನೂ ಹೊಟ್ಟೆ ಉರಿಸುತ್ತಿದೆ.

ನಾನು ಎಲ್ಲ ಸರಿಯಾಗೇ ಮಾಡಿಕೊಂಡು ಹೋಗಿದ್ದೆ. ಆರ್‌ಟಿಒಗೆ 1000 ರೂಪಾಯಿ ಕಟ್ಟಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿದ್ದೆ. ಅಲ್ಲಿ ಹೋದಾಗ ಕಾರ್ಡಿನಲ್ಲಿ 600 ಯೂರೋ ಡೆಪಾಸಿಟ್ ಅಂತ ಬ್ಲಾಕ್ ಮಾಡಿಕೊಂಡರು. ಬಾಡಿಗೆ ಕಾರು ತಗೊಂಡವರಿಗೆ ಗೊತ್ತಲ್ವಾ, ಎಲ್ಲ ಕಡೆ ಇರೋದೇ. ನಾಲ್ಕು ಪುಟ ಇಟಾಲಿಯನ್, ಕೊನೆಯಲ್ಲಿ ಅರ್ಧ ಪುಟ ಇಂಗ್ಲಿಷ್, ಸೈನ್ ಹಾಕಿದೆ. ಕಾರಿನ ಸುತ್ತ ತಿರುಗಿ ಗೀರು, ತಗ್ಗು ಎಲ್ಲ ಫೋಟೋ ತೆಗೆದೆ. ಕ್ಲಚ್ ಫೋಟೋ ಯಾರು ತೆಗೆಯುತ್ತಾರೆ ಹೇಳಿ?

ಈ ಕಾರು 1957ರಲ್ಲಿ ಬಂದ ಮಾಡೆಲ್, 1975ರವರೆಗೆ ತಯಾರಾಗುತ್ತಿತ್ತು. ಅಲ್ಲಿಯವರು ಚಿಂಕ್ವೆಚೆಂತೊ ಅಂತಾರೆ. ಎಂಜಿನ್ 500 ಸಿಸಿಯೂ ಇಲ್ಲ, ಅದೂ ಹಿಂದುಗಡೆ. ಗೇರಿನಲ್ಲಿ ಸಿಂಕ್ರೋಮೆಶ್ ಇಲ್ಲ, ಅಂದರೆ ಗೇರ್ ಇಳಿಸುವಾಗ ಎರಡು ಸಲ ಕ್ಲಚ್ ಒತ್ತಬೇಕು. ಸ್ಟೀರಿಂಗ್ ಎಡಗಡೆ, ಗೇರ್ ಬಲಗೈಯಲ್ಲಿ, ರಸ್ತೆಯ ಬಲಗಡೆ ಓಡಿಸಬೇಕು. ಇಷ್ಟಕ್ಕೆಲ್ಲ ಅವರು ಕೊಟ್ಟ ಪ್ರಾಕ್ಟೀಸ್ ಐದು ನಿಮಿಷ. ಐದೇ ನಿಮಿಷ.

ಒಟ್ಟು ಐದು ಕಾರು. ಗೈಡ್ ಮುಂದೆ, ನಾವು ಕೊನೆಯಲ್ಲಿ, ಮಾತಾಡೋಕೆ ವಾಕಿಟಾಕಿ. ಇನ್ನೂ ಮೊದಲನೇ ಸಿಗ್ನಲ್ಲು, ಏರು ಶುರುವಾಗಿರಲೇ ಇಲ್ಲ, ಆಗಲೇ ನನ್ನ ಹೆಂಡತಿ "ರೀ, ಏನೋ ಸುಟ್ಟ ವಾಸನೆ" ಅಂದಳು. ನನಗೂ ಬಂತು. ತಕ್ಷಣ ವಾಕಿಟಾಕಿಯಲ್ಲಿ ಹೇಳಿದೆ. ಗೈಡ್ ಏನಂದ ಗೊತ್ತಾ? "ಹಳೇ ಕಾರು, ಇದೆಲ್ಲ ನಾರ್ಮಲ್, ಬನ್ನಿ ಬನ್ನಿ." ಆ ಮಾತು ನೆನಪಿಟ್ಟುಕೊಳ್ಳಿ.

ಆಮೇಲೆ ವಿಯಾ ಸಾನ್ ಲಿಯೊನಾರ್ಡೊ ಅನ್ನೋ ರಸ್ತೆ. ಎರಡೂ ಕಡೆ ಕಲ್ಲಿನ ಗೋಡೆ, ಗೋಡೆಯಾಚೆ ಆಲಿವ್ ಮರ, ನೋಡೋಕೆ ಚೆಂದ, ಆದರೆ ಎದುರಿಗೆ ಒಂದು ವ್ಯಾನ್ ಬಂದರೆ ಉಸಿರು ಹಿಡಿದುಕೊಂಡು ಓಡಿಸಬೇಕು. ಮುಂದೆ ಒಂದು ಸಿಗ್ನಲ್ಲಿನಲ್ಲಿ ನಾವು ಸಿಕ್ಕಿಕೊಂಡೆವು, ಉಳಿದವರು ಹೊರಟೇಬಿಟ್ಟರು. ವಾಕಿಟಾಕಿಯಲ್ಲಿ ಬರೀ ಗೊರಗೊರ. ಫ್ಲಾರೆನ್ಸ್ ಊರೊಳಗೆ ಝಡ್‌ಟಿಎಲ್ ಅಂತ ಗಾಡಿ ಓಡಾಟಕ್ಕೆ ನಿರ್ಬಂಧ ಇರೋ ಜಾಗ ಇದೆ, ಪರ್ಮಿಟ್ ಇಲ್ಲದ ಗಾಡಿ ಒಳಗೆ ಹೋದರೆ ಕ್ಯಾಮೆರಾ ಹಿಡಿಯುತ್ತದೆ, ತಿಂಗಳುಗಳಾದ ಮೇಲೆ ಮನೆಗೆ ದಂಡದ ನೋಟಿಸ್ ಬರುತ್ತದೆ. ಎಲ್ಲಿ ತಪ್ಪಿ ಅದರೊಳಗೆ ನುಗ್ಗಿಬಿಡ್ತೀನೋ ಅಂತ ಹೆದರಿ ರಸ್ತೆ ಪಕ್ಕ ನಿಂತೆ. ಹತ್ತು ನಿಮಿಷ. ಗೈಡ್ ವಾಪಸ್ ಬಂದ, ಕ್ಷಮೆ ಸಹ ಕೇಳಲಿಲ್ಲ, ಗಡಿಯಾರ ತೋರಿಸಿದ. ಪಿಯಾಜಾಲೆ ಮೈಕೆಲ್ಯಾಂಜೆಲೊ ಅನ್ನೋ ಗುಡ್ಡದ ಮೇಲಿನ ಚೌಕದಲ್ಲಿ, ಆ ಕಂಚಿನ ಡೇವಿಡ್ ಪ್ರತಿಮೆ ಹತ್ತಿರ ನಿಂತು ಕೆಳಗೆ ಇಡೀ ಊರು, ಡುವೊಮೊ ಚರ್ಚಿನ ಗುಮ್ಮಟ ನೋಡೋಕೆ ಅಂತಲೇ ಈ ಟೂರ್ ತಗೊಂಡಿದ್ದು. ಏಳು ನಿಮಿಷ ಸಿಕ್ಕಿತು.

ಸಂಜೆ ವಾಪಸ್ ಬಂದೆವು. ಆಫೀಸಿನವನು ಕಾರಿನ ಹಿಂದೆ ಬಗ್ಗಿ ಮೂಸಿ ನೋಡಿದ. ಓಡಿಸಿ ಕೂಡ ನೋಡಲಿಲ್ಲ. "ಕ್ಲಚ್ ಸುಟ್ಟಿದ್ದೀರಿ." ಡ್ರಾಯರ್‌ನಿಂದ ಒಂದು ಹಾಳೆ ತೆಗೆದ. ಲ್ಯಾಮಿನೇಟ್ ಮಾಡಿದ್ದು, ಮೂಲೆಗಳು ಸವೆದುಹೋಗಿದ್ದವು. ಅದರಲ್ಲಿ ಪ್ರಿಂಟ್ ಆಗಿದೆ: ಕ್ಲಚ್, 450 ಯೂರೋ. ಮೂಲೆ ಸವೆಯುವಷ್ಟು ಜನಕ್ಕೆ ತೋರಿಸಿದ್ದಾರೆ! ಅದನ್ನು ನೋಡಿದ ಕ್ಷಣ ನನಗೆ ಗೊತ್ತಾಯಿತು, ನಾವು ಮೊದಲನೆಯವರಲ್ಲ ಅಂತ.

ಶುರುವಿನಲ್ಲೇ ವಾಸನೆ ಬರ್ತಿತ್ತು, ಗೈಡ್‌ನ ಕೇಳಿ ಅಂದೆ. ಗೈಡ್ ಪಕ್ಕದಲ್ಲೇ ನಿಂತಿದ್ದ. "ನನಗೆ ಕೇಳಿಸಲೇ ಇಲ್ಲ" ಅಂದ. ಕೇಳಿಸಲಿಲ್ವಾ? ಮತ್ತೆ ನಾರ್ಮಲ್ ಅಂತ ಹೇಳಿದ್ದು ಯಾರು? ಆಫೀಸಿನವನು "ಹಳೇ ಕಾರು ಸಾರ್, ನಾಜೂಕಾಗಿ ಓಡಿಸಬೇಕು, ಎಲ್ಲರಿಗೂ ಬರಲ್ಲ" ಅಂದ. ಬೆಳಿಗ್ಗೆ ಹಳೇ ಕಾರು ಅಂತ ವಾಸನೆ ನಾರ್ಮಲ್, ಸಂಜೆ ಹಳೇ ಕಾರು ಅಂತ ತಪ್ಪು ನನ್ನದು. ಜೊತೆಯಲ್ಲಿ ಬಂದಿದ್ದ ಬೇರೆ ಜೋಡಿಗಳು ತಲೆ ತಗ್ಗಿಸಿಕೊಂಡು ಹೊರಟರು. ಬೆಂಗಳೂರು ಟ್ರಾಫಿಕ್ಕಿನಲ್ಲಿ ಹದಿನೈದು ವರ್ಷ ಓಡಿಸಿದ್ದೀನಿ, ಒಂದು ಕ್ಲಚ್ ಪ್ಲೇಟ್ ಸುಟ್ಟಿಲ್ಲ.

ಮಾರನೇ ದಿನ ಬೆಳಿಗ್ಗೆ ಅದೇ ದಾರಿಯಲ್ಲಿ ನಡೆದು ಹೋಗ್ತಿದ್ದೆವು. ಅದೇ ಕಾರು, ಅದೇ ನಂಬರು, ಇನ್ಯಾರೋ ಕೂತಿದ್ದರು. ರಿಪೇರಿ ಬಿಲ್ ಕೊಡಿ ಅಂತ ಮೇಲ್ ಹಾಕಿದೆ. ಉತ್ತರ: "ರಾತ್ರಿಯೇ ಸರಿ ಮಾಡಿಸಿದೆವು, ಓಡಿಸಿದವರೇ ಜವಾಬ್ದಾರರು." ಜೊತೆಗೆ ಬಟ್ಟೆ ಮೇಲಿಟ್ಟ ಒಂದು ಕ್ಲಚ್ ಪ್ಲೇಟಿನ ಫೋಟೋ. ಯಾವ ಕಾರಿನದೋ, ಯಾವ ವರ್ಷದ್ದೋ! ಬಿಲ್ ಇವತ್ತಿನವರೆಗೆ ಬಂದಿಲ್ಲ. ಬ್ಯಾಂಕಿನವರು ನೀವು ಸೈನ್ ಹಾಕಿದ್ದೀರಿ ಅಂತ ಕೈತೊಳೆದುಕೊಂಡರು.

ಹೋಗಲೇಬೇಕು ಅಂದರೆ, ಕ್ಲಚ್ ಹೋದರೆ ಯಾರ ಖರ್ಚು ಅಂತ ಬುಕ್ ಮಾಡುವ ಮುಂಚೆ ಮೇಲ್‌ನಲ್ಲಿ ಬರೆಸಿಕೊಳ್ಳಿ. ವಾಸನೆ ಬಂದರೆ ಅಲ್ಲೇ ನಿಲ್ಲಿಸಿ, ಗೈಡ್ ಹೇಳೋದನ್ನು ವಿಡಿಯೋ ಮಾಡಿ, ಅವನು ಎಷ್ಟೇ ಅವಸರ ಮಾಡಲಿ. ನನ್ನ ಕೇಳಿದರೆ ಬೇಡವೇ ಬೇಡ. ಆ ಪಿಯಾಜಾಲೆಗೆ ಸಿಟಿ ಬಸ್ ಹೋಗುತ್ತದೆ, ಸಾನ್ ನಿಕೊಲೊ ಕಡೆಯಿಂದ ಮೆಟ್ಟಿಲು ಹತ್ತಿಯೂ ಹೋಗಬಹುದು. ಮಾರನೇ ದಿನ ನಾವು ಹಾಗೇ ಹತ್ತಿ ಹೋಗಿ ಕತ್ತಲಾಗುವವರೆಗೂ ಕೂತಿದ್ದೆವು.