ಸೂಪರ್ 8 ಚಿಕ್ಕ ರೀಲುಗಳು: 50, 200, 400 ಅಡಿಗಳಲ್ಲಿ ಯಾವುದು ವಾಸಿ?

ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಹಳೆಯ ಸಿನಿಮಾಗಳ ಚಿಕ್ಕ ರೀಲು ಕೂಡಿಡುವ ಆಸೆ ಇರುವವರು 200 ಅಡಿಯ ಕಪ್ಪು-ಬಿಳುಪು ಮೂಕಿ ರೀಲಿನಿಂದಲೇ ಶುರು ಮಾಡಿ. 400 ಅಡಿಯ ಬಣ್ಣದ ಮಾತಿನ ರೀಲು ದೊಡ್ಡದು, ದುಬಾರಿ, ಡಬ್ಬಿಯೂ ನೋಡೋಕೆ ಚೆಂದ. ಆದರೂ ಚಿತ್ರದುರ್ಗದ ನಮ್ಮ ಮನೆಯಲ್ಲಿ ಎರಡನ್ನೂ ಒಂದೇ ಗೋಡೆಯ ಮೇಲೆ ಬಿಟ್ಟು ನೋಡಿದ ಮೇಲೆ ನನ್ನ ಕೈ ಮತ್ತೆ ಮತ್ತೆ ಹೋಗುವುದು ಆ 200 ಅಡಿಯ ಡಬ್ಬಿಗೇ.

ಇದರ ಪರಿಚಯ ಇಲ್ಲದವರಿಗೆ ಎರಡು ಮಾತು. ವಿಡಿಯೊ ಕ್ಯಾಸೆಟ್ ಬರುವ ಮೊದಲು ಇಡೀ ಸಿನಿಮಾವನ್ನು ಮನೆಗೆ ತರುವುದು ಸಾಮಾನ್ಯ ಜನರ ಕೈಗೆಟುಕುವ ಮಾತಾಗಿರಲಿಲ್ಲ. ಅದಕ್ಕೇ ಅಮೆರಿಕದ ಕ್ಯಾಸಲ್ ಫಿಲ್ಮ್ಸ್, ಕೆನ್ ಫಿಲ್ಮ್ಸ್ ಥರದ ಕಂಪನಿಗಳು ಒಂದೂಕಾಲು ಗಂಟೆಯ, ಎರಡು ಗಂಟೆಯ ಸಿನಿಮಾಗಳನ್ನು ಹತ್ತಿಪ್ಪತ್ತು ನಿಮಿಷಕ್ಕೆ ಕತ್ತರಿಸಿ ಮನೆ ಪ್ರೊಜೆಕ್ಟರಿಗೆ ಹೊಂದುವ ರೀಲಿನಲ್ಲಿ ಮಾರುತ್ತಿದ್ದವು. ಮನೆಬಳಕೆಗೆ 8 ಎಂಎಂ ಅಗಲದ ಫಿಲ್ಮನ್ನು ಕೊಡಾಕ್ ತಂದದ್ದು 1932ರಲ್ಲಿ, ಅದೇ ಅಗಲದ ಹೊಸ ಬಗೆಯಾದ ಸೂಪರ್ 8 ತಂದದ್ದು 1965ರಲ್ಲಿ. ಕ್ಯಾಸಲ್ ಕಂಪನಿಯನ್ನು 1947ರಲ್ಲಿ ಯೂನಿವರ್ಸಲ್ ಕೊಂಡುಕೊಂಡಿತು. ಹಾಗಾಗಿ ಯೂನಿವರ್ಸಲ್‌ನ ಹಳೆಯ ದೆವ್ವದ ಸಿನಿಮಾಗಳು ಈ ಡಬ್ಬಿಗಳಲ್ಲಿ ಬಹಳ ಸಿಗುತ್ತವೆ.

ಈಗ ಅಡಿಯ ಲೆಕ್ಕ. ಸೂಪರ್ 8ರಲ್ಲಿ ಒಂದು ಅಡಿಗೆ 72 ಫ್ರೇಮು, ಅಂದರೆ 72 ಬಿಡಿ ಚಿತ್ರ. ಮೂಕಿಯನ್ನು ಸೆಕೆಂಡಿಗೆ 18 ಫ್ರೇಮಿನಂತೆ ಓಡಿಸಿದರೆ 50 ಅಡಿ ಅಂದರೆ 3 ನಿಮಿಷ 20 ಸೆಕೆಂಡು, 200 ಅಡಿ ಅಂದರೆ 13 ನಿಮಿಷ ಚಿಲ್ಲರೆ. ಮಾತಿನ ರೀಲು ಸಾಮಾನ್ಯವಾಗಿ 24 ಫ್ರೇಮಿನಲ್ಲಿ ಓಡುತ್ತದೆ. ಆಗ 200 ಅಡಿ ಹತ್ತೇ ನಿಮಿಷ, 400 ಅಡಿ ಇಪ್ಪತ್ತು.

ನಮ್ಮೂರಿನ ಓಬವ್ವನ ಕಥೆಯನ್ನೇ ಹೀಗೆ ಕತ್ತರಿಸಿದರು ಅಂದುಕೊಳ್ಳಿ. 50 ಅಡಿಯಲ್ಲಿ ಕಿಂಡಿ, ಒನಕೆ, ಉರುಳುವ ಸೈನಿಕರು, ಅಷ್ಟೇ. ಯಾರು, ಏಕೆ ಅಂತ ತಿಳಿಯುವುದಿಲ್ಲ. 200 ಅಡಿಯಲ್ಲಿ ಗಂಡ ಊಟಕ್ಕೆ ಬರುತ್ತಾನೆ, ಅವಳು ನೀರಿಗೆ ಹೋಗುತ್ತಾಳೆ, ಕಿಂಡಿಯ ಕಡೆ ಸದ್ದು ಕೇಳುತ್ತದೆ, ಒನಕೆ ಎತ್ತುತ್ತಾಳೆ. ಕಥೆ ಪೂರ್ತಿ. 400 ಅಡಿಯವರು ಹೈದರಾಲಿಯ ಮುತ್ತಿಗೆ, ಮದಕರಿ ನಾಯಕನ ದರ್ಬಾರು ಎಲ್ಲವನ್ನೂ ತುರುಕಲು ಹೋಗಿ ಓಬವ್ವನಿಗೇ ಜಾಗ ಕಡಿಮೆ ಮಾಡುತ್ತಾರೆ.

50 ಅಡಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಗ್ಗ, ಪ್ರೊಜೆಕ್ಟರ್ ಪರೀಕ್ಷೆ ಮಾಡೋಕೆ ಒಳ್ಳೆಯದು. ಮಕ್ಕಳು ಕೂತು ಸರಿಮಾಡಿಕೊಳ್ಳುವಷ್ಟರಲ್ಲಿ ಮುಗಿದಿರುತ್ತದೆ.

200 ಅಡಿಯ ಮೂಕಿಯಲ್ಲಿ ನನಗೆ ಇಷ್ಟವಾಗುವುದು ಕತ್ತರಿಸಿದವರ ಬುದ್ಧಿ. ಮೂಲ ಸಿನಿಮಾದಲ್ಲಿ ಮಾತು ತುಂಬಿದೆ, ಇವರ ಹತ್ತಿರ ಮಾತೂ ಇಲ್ಲ, ಸಮಯವೂ ಇಲ್ಲ. ಹಾಗಾಗಿ ಒಂದೇ ಎಳೆ ಹಿಡಿಯಲೇಬೇಕು. 1944ರ ‘ಹೌಸ್ ಆಫ್ ಫ್ರಾಂಕೆನ್‌ಸ್ಟೈನ್’ ಸಿನಿಮಾದಲ್ಲಿ ಡ್ರಾಕುಲಾನ ಕಥೆ ಮೊದಲ ಭಾಗದಲ್ಲೇ ಮುಗಿದುಹೋಗುತ್ತದೆ, ಆಮೇಲೆ ಬೇರೆಯದೇ ಕಥೆ. ಕ್ಯಾಸಲ್‌ನವರು ಆ ಡ್ರಾಕುಲಾ ಭಾಗವನ್ನಷ್ಟೇ ಎತ್ತಿಕೊಂಡು ‘ಡೂಮ್ ಆಫ್ ಡ್ರಾಕುಲಾ’ ಅಂತ ಹೊಸ ಹೆಸರಿಟ್ಟು ಮಾರಿದರು. ಇದು ಬರೀ ತುಂಡಲ್ಲ, ತಾನೇ ಒಂದು ಪುಟ್ಟ ಸಿನಿಮಾ. ಆ ಕೆಲಸ ಮಾಡಿದ ಸಂಕಲನಕಾರರ ಮೇಲೆ ನನಗೆ ನಿಜವಾದ ಗೌರವ ಇದೆ.

ಮೂಕಿಯ ಇನ್ನೊಂದು ಲಾಭ ನಮ್ಮ ಕಡೆಯವರಿಗೆ ಮಾತ್ರ ಗೊತ್ತಾಗುವಂಥದ್ದು. ಮಾತಿನ ಬದಲು ಬರೆದು ತೋರಿಸುವ ಇಂಗ್ಲಿಷ್ ಸಾಲು ತೆರೆಯ ಮೇಲೆ ಬಂದ ಕೂಡಲೇ ನಾನು ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಅತ್ತೆಯವರೂ ಓಣಿಯ ಮಕ್ಕಳೂ ಕಥೆ ಬಿಡದೆ ನೋಡುತ್ತಾರೆ, ನಡುವೆ ಪ್ರಶ್ನೆಯನ್ನೂ ಕೇಳುತ್ತಾರೆ. ಮಾತಿನ ರೀಲಿನಲ್ಲಿ ಇದು ಸಾಧ್ಯವಿಲ್ಲ, ಅಮೆರಿಕದ ಇಂಗ್ಲಿಷ್ ನಮ್ಮ ಮಾತನ್ನು ನುಂಗಿಬಿಡುತ್ತದೆ. ವೇಗದ ವಿಷಯದಲ್ಲಿ ಒಂದು ಸೂಚನೆ: ಇವು ಮೂಲದಲ್ಲಿ 24 ಫ್ರೇಮಿನ ಟಾಕಿ ಚಿತ್ರಗಳು, ಆದ್ದರಿಂದ 18ರಲ್ಲಿ ಓಡಿಸಿದರೆ ನಡಿಗೆ ಸ್ವಲ್ಪ ನಿಧಾನ ಅನ್ನಿಸುತ್ತದೆ. 24ಕ್ಕೆ ಇಟ್ಟರೆ ನಡಿಗೆ ಸಹಜ, ಆದರೆ ಅಕ್ಷರ ಓದೋಕೆ ಪುರುಸೊತ್ತು ಸಿಗುವುದಿಲ್ಲ. ನಾನು 18ರಲ್ಲೇ ಬಿಡುತ್ತೇನೆ.

ಮಾತು ಬೇಕೇ ಬೇಕು ಅನ್ನುವ ಜಾಗವೂ ಇದೆ, ಇಲ್ಲ ಅನ್ನುವುದಿಲ್ಲ. ಅಮೆರಿಕದ ಹಾಸ್ಯನಟರಾದ ಅಬಟ್ ಮತ್ತು ಕಾಸ್ಟೆಲೊ ಜೋಡಿಯ ಹಾಸ್ಯ ಪಟಪಟ ಮಾತಿನ ಮೇಲೆ ನಿಂತದ್ದು. ಅದನ್ನು ಮೂಕಿಯಲ್ಲಿ ನೋಡಿದರೆ ಅರ್ಧ ನಗು ಹೋಯಿತು. ಅಂಥದ್ದಕ್ಕೆ ಮಾತಿನ ರೀಲನ್ನೇ ಕೊಳ್ಳಿ. ಆದರೆ ಕೊಳ್ಳುವ ಮೊದಲು ಎಷ್ಟು ಕಡೆ ಹರಿದು ಅಂಟಿಸಿದ್ದಾರೆ ಅಂತ ಕೇಳಿ. ಫಿಲ್ಮಿನ ಅಂಚಿನ ಮ್ಯಾಗ್ನೆಟಿಕ್ ಪಟ್ಟಿಯಲ್ಲಿ ಸದ್ದು ಚಿತ್ರಕ್ಕಿಂತ 18 ಫ್ರೇಮು ಮುಂದೆ ಇರುತ್ತದೆ, ಹಾಗಾಗಿ ಹರಿದ ಜಾಗದಲ್ಲಿ ಚಿತ್ರ ಒಂದು ಕಡೆ ಹಾರಿದರೆ ಮಾತು ಇನ್ನೊಂದು ಕಡೆ ಹಾರುತ್ತದೆ. ಮೂಕಿಯಲ್ಲಿ ಹಾಗೆ ಒಂದೆರಡು ಫ್ರೇಮು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ.

ಬಣ್ಣದ ವಿಷಯಕ್ಕೆ ಬರೋಣ, ನನ್ನ ತೀರ್ಮಾನ ಗಟ್ಟಿಯಾದದ್ದು ಇಲ್ಲೇ. 1977ರ ‘ಸ್ಟಾರ್ ವಾರ್ಸ್’ ಸಿನಿಮಾವನ್ನು ಕೆನ್ ಫಿಲ್ಮ್ಸ್ 200 ಅಡಿಯಲ್ಲಿ ಕಪ್ಪು-ಬಿಳುಪು ಮೂಕಿಯಾಗಿಯೂ ಬಣ್ಣದ ಮಾತಿನ ರೀಲಾಗಿಯೂ ಮಾರಿತ್ತು. ನನ್ನ ಹತ್ತಿರ ಇರುವುದು ಮೊದಲನೆಯದು, ದಾವಣಗೆರೆಯ ಗೆಳೆಯರೊಬ್ಬರ ಹತ್ತಿರ ಎರಡನೆಯದು. ಅವರು ರೀಲು ಹಿಡಿದುಕೊಂಡು ದುರ್ಗಕ್ಕೆ ಬಂದಿದ್ದಾಗ ಒಂದರ ಹಿಂದೆ ಒಂದು ಹಾಕಿ ನೋಡಿದೆವು. ಅವರ ರೀಲಿನಲ್ಲಿ ಮರುಭೂಮಿ, ಆಕಾಶ, ಮುಖ ಎಲ್ಲವೂ ಒಂದೇ ಗುಲಾಬಿ ಕೆಂಪು. ಆ ಕಾಲದ ಬಣ್ಣದ ಫಿಲ್ಮಿನಲ್ಲಿ ಸಯಾನ್ ಅನ್ನುವ ಹಸಿರು ಬೆರೆತ ನೀಲಿ ಬಣ್ಣ ಮೊದಲು ಮಾಸುತ್ತದೆ, ಕೊನೆಗೆ ಉಳಿಯುವುದು ಕೆಂಪು. ಕತ್ತಲೆಯ ಡಬ್ಬಿಯಲ್ಲಿ ಮುಟ್ಟದೆ ಇಟ್ಟರೂ ಮಾಸುತ್ತದೆ, ಸೆಕೆ ಇದ್ದರೆ ಇನ್ನೂ ಬೇಗ. ಬಣ್ಣ ಬಾಳುವ ಫಿಲ್ಮನ್ನು ಕೊಡಾಕ್ ತಂದದ್ದು 1980ರ ದಶಕದ ಶುರುವಿನಲ್ಲಿ, ಅಷ್ಟರಲ್ಲಿ ಈ ಚಿಕ್ಕ ರೀಲುಗಳ ವ್ಯಾಪಾರವೇ ಮುಗಿಯುತ್ತಾ ಬಂದಿತ್ತು. ಕಪ್ಪು-ಬಿಳುಪಿನಲ್ಲಿ ಚಿತ್ರ ಆಗಿರುವುದು ಬೆಳ್ಳಿಯ ಕಣಗಳಿಂದ. ನನ್ನ ರೀಲಿನಲ್ಲಿ ಕಪ್ಪು ಇನ್ನೂ ಕಪ್ಪಾಗಿಯೇ ಇದೆ. 400 ಅಡಿಯ ಬಣ್ಣದ ರೀಲುಗಳದ್ದೂ ಇದೇ ಪಾಡು, ದುಡ್ಡು ಮಾತ್ರ ಹೆಚ್ಚು.

16 ಎಂಎಂ ಕೂಡ ಬಿಟ್ಟು ನೋಡಿದ್ದೇನೆ. ಚಿತ್ರ ಎಷ್ಟು ಚೊಕ್ಕ ಅಂದರೆ ಸೂಪರ್ 8 ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಅಲ್ಲಿ 400 ಅಡಿಗೆ ಬರೀ 11 ನಿಮಿಷ, ಯಂತ್ರ ಎತ್ತಲು ಇಬ್ಬರು ಬೇಕು, ಇಡೋಕೆ ಕಪಾಟು ಸಾಲದು. ಜಾಗ ಇದ್ದವರಿಗೆ ಸರಿ.

ನಮ್ಮೂರ ಒಣ ಹವೆ ಫಿಲ್ಮಿಗೆ ಒಳ್ಳೆಯದು, ಧೂಳು ಮತ್ತು ಏಪ್ರಿಲ್-ಮೇ ತಿಂಗಳ ಬಿಸಿಲು ಒಳ್ಳೆಯದಲ್ಲ. ಅಟ್ಟದ ಮೇಲೆ ಮಾತ್ರ ಇಡಬೇಡಿ, ಕೆಳಗಿನ ಕಪಾಟಿನಲ್ಲಿಡಿ. ಡಬ್ಬಿ ತೆರೆದಾಗ ವಿನೆಗರ್ ಥರದ ಹುಳಿ ವಾಸನೆ ಬಂದರೆ ಆ ರೀಲನ್ನು ಉಳಿದವುಗಳಿಂದ ದೂರ ಇಡಿ, ಫಿಲ್ಮು ಕೆಡುತ್ತಿದೆ ಅಂತ ಅರ್ಥ. ಇನ್ನೊಂದು, ಹಳೆಯ 8 ಎಂಎಂ ಮತ್ತು ಸೂಪರ್ 8 ಎರಡರ ಅಗಲವೂ ಒಂದೇ, ಆದರೆ ಅಂಚಿನ ತೂತು ಬೇರೆ. ಹಳೆಯದರ ತೂತು ದೊಡ್ಡದು, ಎರಡು ಫ್ರೇಮುಗಳ ನಡುವೆ ಬರುತ್ತದೆ. ಸೂಪರ್ 8ರದ್ದು ಚಿಕ್ಕದು, ಫ್ರೇಮಿನ ನಡುಮಧ್ಯಕ್ಕೆ ಬರುತ್ತದೆ. ನಿಮ್ಮ ಪ್ರೊಜೆಕ್ಟರ್ ಯಾವುದನ್ನು ಓಡಿಸುತ್ತದೆ ನೋಡಿಕೊಂಡೇ ದುಡ್ಡು ಕಳಿಸಿ. ಇಷ್ಟಾದ ಮೇಲೂ ಬಣ್ಣದ್ದೇ ಬೇಕು ಅಂದರೆ, ಡಬ್ಬಿಯ ಫೋಟೊ ನೋಡಿ ಒಪ್ಪಬೇಡಿ. ರೀಲಿನ ಮಧ್ಯದ ಐದಾರು ಫ್ರೇಮುಗಳನ್ನು ಬಿಳಿ ಬೆಳಕಿನ ಮುಂದೆ ಹಿಡಿದು ತೆಗೆದ ಫೋಟೊ ಕೇಳಿ, ಅದರಲ್ಲಿ ನೀಲಿಯೋ ಹಸಿರೋ ಎಲ್ಲಾದರೂ ಕಂಡರೆ ಆಮೇಲೆ ಬೆಲೆ ಮಾತಾಡಿ.