ಬಿದಿರೋ ಲಂಟಾನವೋ: ಸಂಘಕ್ಕೆ ಯಾವುದು ಸರಿ?

ಚಿಕ್ಕಮಗಳೂರಿನ ಕಡೆ ಸ್ವಸಹಾಯ ಸಂಘಕ್ಕೆ ಕರಕುಶಲ ಕೆಲಸ ಹುಡುಕುವವರು ಕೊನೆಗೆ ಇವೆರಡರ ನಡುವೆ ಸಿಕ್ಕಿಕೊಳ್ಳುತ್ತಾರೆ.

ಲಂಟಾನ ಪುಕ್ಕಟೆ. ಕಾಡು ನುಂಗುವ ಪರದೇಶಿ ಕಳೆ, ಕಿತ್ತಷ್ಟೂ ಒಳ್ಳೆಯದೇ. ಆದರೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶದಂಥ ಕಡೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಹಸಿ ಕೋಲನ್ನು ಹಂಡೆಯಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಒದ್ದೆಯಿರುವಾಗಲೇ ಬಗ್ಗಿಸಬೇಕು, ಒಣಗಿದರೆ ಮುರಿಯುತ್ತದೆ. ಮೊಳೆ ಹೊಡೆಯುವ ಮುನ್ನ ತೂತು ಕೊರೆಯದಿದ್ದರೆ ಸೀಳು ಗ್ಯಾರಂಟಿ. ಕುರ್ಚಿ, ಸ್ಟೂಲಿಗೆ ಇದೇ ಚೆನ್ನ.

ಬಿದಿರಿನ ಕೈಚಳಕ ಮೇದರಲ್ಲಿ ತಲೆಮಾರಿನಿಂದ ಇದೆ; ಹೊಸಬರು ಅವರಿಂದಲೇ ಕಲಿಯಲಿ, ಕೂಲಿ ಕೊಟ್ಟು. ಕಾಡಿನ ಹೊರಗೆ ಬೆಳೆದ ಬಿದಿರು 2017ರ ತಿದ್ದುಪಡಿಯ ನಂತರ ಕೇಂದ್ರದ ಅರಣ್ಯ ಕಾಯ್ದೆಯಲ್ಲಿ ‘ಮರ’ವಲ್ಲ, ಹಾಗಾಗಿ ಮರಕ್ಕೆ ಆ ಕಾಯ್ದೆ ಹಾಕುವ ಕಟ್ಟುಪಾಡು ಅದಕ್ಕಿಲ್ಲ. ಕಾಟವೆಂದರೆ ಕುಟ್ಟೆ ಹುಳು. ಅದು ಬರುವುದು ಗಳದೊಳಗಿನ ಪಿಷ್ಟಕ್ಕೆ. ಹಾಗಾಗಿ 3–4 ವರ್ಷ ಬಲಿತದ್ದನ್ನು ಮಳೆಗಾಲ ಮುಗಿದ ಮೇಲೆ ಕಡಿಯಿರಿ. 100 ಲೀಟರ್ ನೀರಿಗೆ 3 ಕಿಲೋ ಬೊರಾಕ್ಸ್, 2 ಕಿಲೋ ಬೋರಿಕ್ ಆಸಿಡ್ ಕರಗಿಸಿ, ಗೆಣ್ಣು ತೂತು ಮಾಡಿದ ಗಳವನ್ನು ಒಂದು ವಾರವಾದರೂ ನೆನೆಸಿ ನೆರಳಲ್ಲಿ ಒಣಗಿಸಿ. ಈ ಮದ್ದು ಮಲೆನಾಡಿನ ಮಳೆಗೆ ತೊಳೆದುಹೋಗುತ್ತದೆ, ಅಂಗಳದ ಬೆಂಚು ಮಾಡಲೇಬೇಡಿ. ಅನ್ನ ಬಸಿಯುವ ಬುಟ್ಟಿಗಂತೂ ಮದ್ದೇ ಬೇಡ.

ಸಾಗಾಟದಲ್ಲಿ ಬಿದಿರೇ ಗೆಲ್ಲುತ್ತದೆ: ಬಾಯಿ ಅಗಲ, ತಳ ಕಿರಿದು ಮಾಡಿದರೆ ಬುಟ್ಟಿಗಳು ಒಂದರೊಳಗೊಂದು ಕೂರುತ್ತವೆ. ಲಂಟಾನದ ಕುರ್ಚಿ ನಾಲ್ಕಿಟ್ಟರೆ ಆಟೋ ತುಂಬಿತು.