ನೀರಿನಲ್ಲಿ ಬಣ್ಣ ಬಯಲು ಮಾಡಿದ ಕಾಫಿಪುಡಿ ಅಂಗಡಿ

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಆಸುಪಾಸಿನಲ್ಲಿ, ಗಿರಾಕಿಯ ಕಣ್ಣೆದುರಿಗೇ ಬೀಜವನ್ನು ಪುಡಿ ಮಾಡಿಕೊಡುವ ಒಂದು ಚಿಕ್ಕ ಅಂಗಡಿಯಿಂದ ಆರು ತಿಂಗಳಿಂದ ಕಾಫಿಪುಡಿ ತರುತ್ತಿದ್ದೇನೆ. ಅದಕ್ಕೆ ಮೊದಲು ಬೇರೊಂದು ಕಡೆ ‘ಅಪ್ಪಟ ಕಾಫಿ’ ಎಂಬ ಮಾತು ನಂಬಿ ಕೊಂಡಿದ್ದ ಪುಡಿಯ ಡಿಕಾಕ್ಷನ್ ಕಡುಗಪ್ಪಾಗಿ ಇಳಿಯುತ್ತಿತ್ತೇ ಹೊರತು ಅದರಲ್ಲಿ ಕಾಫಿಯ ಘಮವಿರಲಿಲ್ಲ. ಉಳಿದಿದ್ದ ಪುಡಿಯನ್ನು ಇಲ್ಲಿ ತೋರಿಸಿದಾಗ ಅಂಗಡಿಯವರು ಗಾಜಿನ ಲೋಟಕ್ಕೆ ತಣ್ಣೀರು ತುಂಬಿ, “ನೋಡಿ ಸಾರ್, ಈಗ ಇದರ ಬಣ್ಣ ಬಯಲಾಗುತ್ತೆ” ಎನ್ನುತ್ತ ಒಂದು ಚಿಟಿಕೆ ಉದುರಿಸಿದರು. ಕಾಫಿಯ ಕಣಗಳು ಮೇಲೆ ತೇಲಿದವು. ಅದರಲ್ಲಿ ಬೆರೆಸಿದ್ದ ಚಿಕೋರಿಯ (ಹುರಿದು ಪುಡಿ ಮಾಡಿದ ಒಂದು ಬಗೆಯ ಬೇರು) ಕಣಗಳು ಕಂದು ಗೆರೆ ಎಳೆಯುತ್ತ ತಳಕ್ಕಿಳಿದವು. ‘ಚಿಕ್ಕಮಗಳೂರು ಅರೇಬಿಕಾ’ ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ (ಜಿ.ಐ.) ಮಾನ್ಯತೆ ದೊರೆತ ಊರಿನಲ್ಲೇ ಹೀಗೆ ಮೋಸಹೋದದ್ದು ನನಗೆ ನಿಜಕ್ಕೂ ನೋವು ತಂದಿತು.

ನುಡಿಗಟ್ಟೊಂದು ಅಕ್ಷರಶಃ ಕಣ್ಣಿಗೆ ಕಂಡದ್ದು ನನಗೆ ಅದೇ ಮೊದಲು. ಬಣ್ಣ ಹಚ್ಚುವುದೆಂದರೆ ವೇಷ ಕಟ್ಟುವುದು, ಬಯಲೆಂದರೆ ಮರೆಯಿಲ್ಲದ ಜಾಗ. ಆದ್ದರಿಂದ ಒಬ್ಬರು ತಾವಲ್ಲದ ಸೋಗು ಹಾಕಿ, ಅದು ನಾಲ್ಕು ಜನರೆದುರು ಕಳಚಿಬಿದ್ದಾಗಷ್ಟೇ ‘ಬಣ್ಣ ಬಯಲಾಯಿತು’ ಎಂಬ ಮಾತು ಸಲ್ಲುತ್ತದೆ. ‘ಬಂಡವಾಳ ಬಯಲಾಯಿತು’ ಎನ್ನುವಾಗ ಒಳಗೆ ಸರಕೇ ಇಲ್ಲವೆಂಬ ಅರ್ಥ ಮುಂದಾದರೆ, ಇಲ್ಲಿ ಒಳಗಿರುವುದು ಬೇರೆಯೇ ಎಂಬ ಅರ್ಥ ಮುಂದಾಗುತ್ತದೆ. ತಾವಾಗಿಯೇ ನಿಜ ಹೇಳಿಕೊಂಡವರ ವಿಷಯದಲ್ಲಿ ಈ ಮಾತನ್ನು ಬಳಸುವುದು ಸರಿಯಲ್ಲ.

ಈ ಅಂಗಡಿಯಲ್ಲೂ ಚಿಕೋರಿ ಬೆರೆಸಿದ ಪುಡಿ ಸಿಗುತ್ತದೆ. ಆದರೆ ಪೊಟ್ಟಣದ ಮೇಲೆ ಕಾಫಿ ಶೇ. 80, ಚಿಕೋರಿ ಶೇ. 20 ಎಂದು ಎದ್ದು ಕಾಣುವಂತೆ ಬರೆದಿರುವುದರಿಂದ, ಅದನ್ನು ನೀರಿಗೆ ಹಾಕಿದರೆ ಗೆರೆ ಮೂಡುತ್ತದೆ, ಬಣ್ಣ ಬಯಲಾಗುವುದಿಲ್ಲ. ಮಿಶ್ರಣದಲ್ಲಿ ಕಾಫಿಯ ಪಾಲು ಕನಿಷ್ಠ ಶೇ. 51 ಇರಬೇಕು ಮತ್ತು ಪ್ರಮಾಣವನ್ನು ನಮೂದಿಸಬೇಕು ಎಂಬುದು ಆಹಾರ ಸುರಕ್ಷತೆಯ ನಿಯಮ. ಡಿಕಾಕ್ಷನ್ನಿಗೆ ಮೈ ಬರಲೆಂದು ಚಿಕೋರಿಯನ್ನೇ ಕೇಳಿ ಕೊಳ್ಳುವವರು ನಮ್ಮ ಮನೆಯಲ್ಲೂ ಇದ್ದಾರೆ. ಅದರ ಮೇಲೆ ನನಗೆ ತಕರಾರಿಲ್ಲ.

ನಾನು ತರುವುದು ಅರೇಬಿಕಾ, ರೋಬಸ್ಟಾ ಎಂಬ ಎರಡು ಬಗೆಯ ಕಾಫಿಯನ್ನು ಶೇ. 70 ಮತ್ತು ಶೇ. 30ರ ಹದದಲ್ಲಿ ಬೆರೆಸಿದ, ಚಿಕೋರಿಯಿಲ್ಲದ ಅಪ್ಪಟ ಪುಡಿ. ಹಾಲು ಬೆರೆಸಿದ ಮೇಲೂ ಅದರ ಘಮ ಉಳಿಯುತ್ತದೆ, ಕಹಿ ನಾಲಗೆಯ ತುದಿಯಲ್ಲಿ ನಿಲ್ಲುವುದಿಲ್ಲ. ಮೊದಲೇ ಹೇಳದಿದ್ದರೆ ಪುಡಿಯನ್ನು ತೀರ ನುಣ್ಣಗೆ ಮಾಡಿಬಿಡುತ್ತಾರೆ, ಫಿಲ್ಟರ್ ಕಟ್ಟಿಕೊಂಡು ಡಿಕಾಕ್ಷನ್ ಇಳಿಯುವುದೇ ಇಲ್ಲ. ಬೀಜ ಹುರಿದ ದಿನಾಂಕವನ್ನು ಕೇಳಿದರೆ ಬಾಯಿಮಾತಿನಲ್ಲಿ ತಿಳಿಸುತ್ತಾರೆ. ಚಿಕೋರಿಯ ಪ್ರಮಾಣ ಬರೆಯುವಷ್ಟೇ ಮುತುವರ್ಜಿಯಿಂದ ಅದನ್ನೂ ಪೊಟ್ಟಣದ ಮೇಲೆ ಬರೆಯಬೇಕೆಂದು ಕೇಳಿಕೊಂಡಿದ್ದೇನೆ.